ನಿನ್ನ ಕಂದು ಹೂಗಳು

ನೋಡೇ, ‘ಹೋಪಿಂಗ್ ಯು ಆರ್ ಇನ್ ಗುಡ್ ಹೆಲ್ತ್’ ಎಂದು ಪತ್ರ ಶುರುಮಾಡಲು ಕಾಲೇಜಿನಲ್ಲಿ ಕಲಿಸಿದ್ದರು. ಸತ್ತವಳಿಗೆ ಅದು ಒಪ್ಪುವುದಿಲ್ಲ, ಬಿಡು.

ನಿನ್ನ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯ ಕಲ್ಲಿನ ಮೇಲೆ ತಾವಾಗಿ ಹುಟ್ಟಿದ ಕಂದು ಹೂಗಳಿದ್ದವಲ್ಲ, ಹೊಸ ಜಾತಿಯ ಹವಳವೆಂದು ನೀನು ಡ್ರಾಪರಿನಲ್ಲಿ ಉಣಿಸುತ್ತಿದ್ದವು? ಅವು ಪ್ಯಾರಸೈಟ್ ಎಂದು ನಾನು ಅಂದಾಗಲೆಲ್ಲ ನೀನು ಮುಖ ತಿರುಗಿಸುತ್ತಿದ್ದೆ. ಇವತ್ತು ಒಂದನ್ನು ಕಿತ್ತು ಅಕ್ವೇರಿಯಂ ಅಂಗಡಿಗೆ ಒಯ್ದೆ.

“ಹವಳ ಅಲ್ಲ ಸಾರ್, ಕಳೆ. ಹೂವಿನ ಥರ ಕಾಣೋ ಪ್ರಾಣಿ, ಅಕ್ಕಪಕ್ಕದ ಹವಳಾನೆಲ್ಲ ಕುಟುಕಿ ಸಾಯಿಸತ್ತೆ. ಇದಕ್ಕೆ ಊಟ ಹಾಕಿ ಸಾಕಿದ ಪುಣ್ಯಾತ್ಮರು ಯಾರು?”

“ನಮ್ಮ ಮನೆಯವಳು” ಎಂದು ನಕ್ಕೆ.

“ಹಾಗಿದ್ರೆ ಅಮ್ಮಾವ್ರಿಗೆ ಹೇಳ್ಬಿಡಿ, ಕುದಿಯೋ ನೀರು ಚುಚ್ಚದೆ ಬೇರೆ ದಾರಿ ಇಲ್ಲ.”

ಹೇಳುತ್ತೇನೆಂದು ಬಂದೆ. ಗೆದ್ದೆ ಕಣೇ! ಕಣ್ಣಿದ್ದೂ ಕುರುಡಿ ನೀನು. ಆಸೆಪಟ್ಟು ತಂದ ಹವಳಗಳನ್ನೆಲ್ಲ ಈ ಕಳೆಗೆ ಬಲಿ ಕೊಟ್ಟೆಯಲ್ಲ. ನಿನ್ನ ಇಂಜೆಕ್ಷನ್ನಿಗೆ ತಂದು ಉಳಿದಿದ್ದ ಸಿರಿಂಜಿನಲ್ಲೇ ಕುದಿನೀರು ತುಂಬಿ ಒಂದೊಂದಕ್ಕೂ ಚುಚ್ಚಿದೆ. ನನ್ನ ಕೈ ಹತ್ತಿರ ಬಂದದ್ದೇ ತಡ, ಊಟ ಬಂತೆಂದು ಅವು ಬಾಯಿ ತೆರೆದವು.

ಈಗ ತೊಟ್ಟಿ ಚೊಕ್ಕಟವಾಗಿದೆ. ನೀನು ಹೋದಂದಿನಿಂದ ದಿನವೂ ಮಾಡುವಂತೆ ಸಂಜೆ ನಿನ್ನ ಡ್ರಾಪರಿನಲ್ಲಿ ಊಟ ಇಳಿಸಿದೆ. ತಿನ್ನಲು ಯಾವುದೂ ಇರಲಿಲ್ಲ.