ತೊಳೆದ ಗಿಟಾರು

ಭಾಗ್ಯನಗರ, ಕೊಪ್ಪಳ
೧೬ ನವೆಂಬರ್ ೨೦೨೫, ಭಾನುವಾರ

ಗೆಳೆಯ ಗವಿಸಿದ್ದೇಶನಿಗೆ ನಿನ್ನ ವಿರೂಪಾಕ್ಷಪ್ಪನ ನಮಸ್ಕಾರ.

ನಾನೂ ಅನುಸೂಯಾಳೂ ಇಲ್ಲಿ ಆರಾಮಾಗಿದ್ದೇವೆ. ನೀನು, ಶಾಂಭವಿ ವೈನಿ, ನಿನ್ನ ಅಕ್ಕಿ ಗಿರಣಿ, ಗಿರಣಿಯ ಮುಂದೆ ನಿಲ್ಲುವ ಬಿಳಿ ಕಾರು ಎಲ್ಲರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಕೊಪ್ಪಳದಿಂದ ಗಂಗಾವತಿಗೆ ಒಂದು ತಾಸಿನ ದಾರಿ, ಇಷ್ಟಕ್ಕೆ ಈ ಕಾಲದಲ್ಲಿ ಯಾರಾದರೂ ಅಂಚೆ ಚೀಟಿ ಹಚ್ಚಿ ಕಾಗದ ಬರೆಯುತ್ತಾರೆಯೇ ಎಂದು ನಗಬೇಡ. ಯಾಕೆ ಬರೆದೆ ಎನ್ನುವುದು ಕಡೆಗೆ ತಿಳಿಯುತ್ತದೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಹೇಳಿದ ಕೆಲಸವನ್ನು ನಾನು ಶ್ರದ್ಧೆಯಿಂದ ಮಾಡಲು ಹೋದೆ, ಅದಕ್ಕೇ ತಡ.

ಕಾಸೀಮಬೀ ಭಾಬಿ ಕೇಳಿದ್ದನ್ನು ನಿನಗೆ ಫೋನಿನಲ್ಲಿ ಹೇಳಿದ್ದೆ. ನೀನಾಗ ಲಾರಿಗೆ ಚೀಲ ಹೇರಿಸುವ ಗದ್ದಲದಲ್ಲಿದ್ದೆ, ಬರೀ ಹ್ಞೂಂ ಹ್ಞೂಂ ಅಂದೆ. ಹಾಗಾಗಿ ಇನ್ನೊಮ್ಮೆ ಬರೆಯುತ್ತೇನೆ. ನಮ್ಮ ಬಡೇಸಾಬ ತೀರಿಕೊಂಡು ಬರುವ ತಿಂಗಳಿಗೆ ವರ್ಷ. ಭಾಬಿಯ ಹತ್ತಿರ ಅವನ ಫೋಟೋಗಳಿವೆ, ಗ್ಯಾರೇಜಿನ ಬೋರ್ಡು ಇದೆ, ಹಾಡು ಮಾತ್ರ ಒಂದೂ ಇಲ್ಲ. ಹಾಡು ತುಂಬಿದ್ದ ಫೋನನ್ನು ಅವನೇ ನೀರಿನ ಟಾಕಿಯಲ್ಲಿ ಬೀಳಿಸಿಕೊಂಡಿದ್ದ. ದಸರೆ ಮುಗಿದ ಮೇಲೆ ಭಾಬಿ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದರು. "ಮಾಸ್ತರ, ವರ್ಷದ ಫಾತೆಹಾಕ್ಕ ನೀವಿಬ್ರೂ ಕೂಡಿ ಅವರ ಹಾಡು ಹಾಡಿ ಕೊಡ್ರಿ. ಅವರ ದನಿ ಅಂತೂ ಸಿಗಂಗಿಲ್ಲ, ಹಾಡಾದ್ರೂ ಮನ್ಯಾಗ ಇರಲಿ."

ಯಾವ ಹಾಡು ಎಂದು ನಿನಗೆ ಬಿಡಿಸಿ ಹೇಳಬೇಕೆ? ಗ್ಯಾರೇಜಿನಲ್ಲಿ ಟ್ಯೂಬಿಗೆ ಪಂಕ್ಚರ್ ಹಚ್ಚುತ್ತ ಅವನು ಕಟ್ಟಿದ್ದು, ನಾವು ಮೂವರೂ ಸಂಜೆ ಸಂಜೆ ಅಲ್ಲೇ ಹಳೆ ಟೈರುಗಳ ಮೇಲೆ ಕೂತು ಹಾಡಿದ್ದು.

ಗಾಳಿ ತುಂಬಿದ ತೊಗಲಿನ ಚೀಲಕ
ಎಷ್ಟು ತ್ಯಾಪಿ ಹಚ್ಚಲೋ

ಮೊದಲ ನುಡಿ ನನ್ನದು, ಎರಡನೆಯದು ನಿನ್ನ ಎತ್ತರದ ದನಿಗೆ, ಮೂರನೆಯದು ಅವನದು. ಈಗ ಮೊದಲಿನದನ್ನೂ ಮೂರನೆಯದನ್ನೂ ನಾನೇ ಹಾಡಿದೆ. ಎರಡನೆಯ ನುಡಿಯಲ್ಲಿ ಬಾಯಿ ಮುಚ್ಚಿಕೊಂಡು ಬರೀ ಗಿಟಾರು ನುಡಿಸಿ ನಿನಗಾಗಿ ಜಾಗ ಬಿಟ್ಟೆ. ನಮ್ಮ ಹಿಂದಿನ ಕೋಣೆಯ ಗೋಡೆಗೆ ಮನೆಯ ಕೌದಿಗಳನ್ನೆಲ್ಲ ತೂಗುಹಾಕಿ, ಪಕ್ಕದ ಮನೆಯ ಮಗ್ಗ ಊಟದ ಹೊತ್ತಿಗೆ ನಿಲ್ಲುವುದನ್ನೇ ಕಾದು, ಫ್ಯಾನು ಬಂದ್ ಮಾಡಿ, ಬೆವರಿನಲ್ಲಿ ತೊಯ್ದು ಹಾಡಿದ್ದು. ಬೇರೆ ಕಡೆ ರೆಕಾರ್ಡ್ ಮಾಡಿ ಕಳಿಸುವ ವಿದ್ಯೆ ನನಗೆ ಬಾರದು. ಮೈಕಿನ ವೈರನ್ನು ಫೋನಿಗೆ ಸಿಕ್ಕಿಸಿ, ವಾಟ್ಸಾಪಿನಲ್ಲಿ ನಿನ್ನ ಹೆಸರು ತೆಗೆದು, ಅಲ್ಲಿಯ ಮೈಕಿನ ಗುರುತು ಒತ್ತಿ ನೇರವಾಗಿ ನಿನಗೇ ಹಾಡಿ ಕಳಿಸಿದೆ. ಮೇಲೆತ್ತಿದ ಹೆಬ್ಬೆರಳಿನ ಗುರುತಿನೊಂದಿಗೆ ನಿನ್ನ ಉತ್ತರ ಬಂತು. "ಹಾಡು ಛಲೋ ಬಂದೈತಿ. ಗಿಟಾರ ಮಾತ್ರ ಭಾಳ ಸಪ್ಪಗ ಐತಿ. ಮದ್ಲ ಒಂದು ಛಲೋ ಗಿಟಾರ ತಗೋ, ಆಮ್ಯಾಲ ನಾ ಬಂದು ನನ್ನ ನುಡಿ ಹಾಡ್ತೀನಿ."

ಹಾಡಿನ ವಿಷಯದಲ್ಲಿ ನಿನ್ನ ಕಿವಿಯ ಮುಂದೆ ನಾನು ಎಂದೂ ವಾದ ಮಾಡಿದವನಲ್ಲ. ಆ ರೆಕಾರ್ಡನ್ನು ಭಾಬಿಗೆ ಕೊಡದೆ ತಡೆಹಿಡಿದೆ. ಗಿಟಾರು ಹುಡುಕಲು ಹೊರಟೆ.

ಹೊರಟ ಮೇಲೆ ಗೊತ್ತಾಯಿತು, ಈ ಜಿಲ್ಲೆಯಲ್ಲಿ ಗಿಟಾರು ಮುಟ್ಟದವರೆಲ್ಲ ಗಿಟಾರಿನ ಪಂಡಿತರೇ. ಫೋನಿನಲ್ಲಿ ವಿಡಿಯೋ ನೋಡಿದೆ. ಗಡ್ಡ ಬಿಟ್ಟ ಮಹಾಶಯರು ಗಿಟಾರಿನ ರಟ್ಟಿನ ಪೆಟ್ಟಿಗೆ ಬಿಚ್ಚುವುದನ್ನು ಅರ್ಧ ತಾಸು ತೋರಿಸುತ್ತಾರೆ, ನುಡಿಸುವ ಹೊತ್ತಿಗೆ ವಿಡಿಯೋ ಮುಗಿದಿರುತ್ತದೆ. ಶಾಲೆಯಲ್ಲಿ ನಮ್ಮ ಹೆಡ್‌ಮಾಸ್ತರರು, ಪ್ರಾರ್ಥನೆಗೂ ರಾಷ್ಟ್ರಗೀತೆಗೂ ವ್ಯತ್ಯಾಸ ತಿಳಿಯದ ಪುಣ್ಯಾತ್ಮರು, ಗಿಟಾರು ಯಾಕೆ ಬೇಕು, ಮೊಬೈಲಿನಲ್ಲೇ ಎಲ್ಲ ವಾದ್ಯ ಬರುತ್ತವೆ ಎಂದು ಉಪದೇಶ ಮಾಡಿದರು. ನಾನು ಹೌದ್ರೀ ಸರ್ ಎಂದೆ. ಅವರ ಜೊತೆ ಇನ್ನೂ ಎರಡು ವರ್ಷ ನೌಕರಿ ಮಾಡಬೇಕಲ್ಲ.

ಮೊದಲು ಹೋದದ್ದು ನಿಮ್ಮ ಗಂಗಾವತಿಯ ಒಂದು ಅಂಗಡಿಗೆ. ಮಿಕ್ಸರು, ಗ್ರೈಂಡರು, ಕ್ರಿಕೆಟ್ ಬ್ಯಾಟುಗಳ ನಡುವೆ ಗಿಟಾರುಗಳನ್ನು ಪ್ಲಾಸ್ಟಿಕ್ ಸುತ್ತಿ ತೂಗುಹಾಕಿದ್ದರು. ಮಾಲಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹುಡುಗ ಎಷ್ಟನೇ ಇಯತ್ತೆ ಎಂದು ಕೇಳಿದ. ಹುಡುಗನಿಗೆ ಐವತ್ತೆಂಟು ಎಂದೆ. ಹಾಗಾದರೆ ಟೈಂಪಾಸಿಗೆ ಇದೇ ಸಾಕು ಎಂದು ಬೆಂಕಿಯ ಚಿತ್ರ ಬಿಡಿಸಿದ ಒಂದು ಕೆಂಪು ಡಬ್ಬಿಯನ್ನು ಕೈಗೆ ಕೊಟ್ಟ. ತಂತಿಗಳನ್ನು ಮೀಟಿದೆ, ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗಿದ್ದವು. ಶ್ರುತಿ ಮಾಡಿ ಕೊಡಿ ಎಂದರೆ ಅವನಿಗೆ ನನ್ನ ಮೇಲೇ ಕನಿಕರ ಬಂತು. "ಹೊಸಾ ಮಾಲ್ ಐತ್ರಿ ಸರ, ಶ್ರುತಿ ಎಲ್ಲಾ ಕಂಪನ್ಯಾಗ ಆಗೇ ಬಂದಿರತೈತಿ." ಇಂಥವರು ನಾಳೆ ವೀಣೆಯನ್ನೂ ಮಾರುತ್ತಾರೆ, ತೂಕ ಮಾಡಿ.

ಅದೇ ದಿನ ನಿನ್ನ ಗಿರಣಿಗೂ ಬಂದಿದ್ದೆ. ನೀನೂ ಜೊತೆಗಿದ್ದರೆ ಇನ್ನೊಂದು ಕಡೆ ನೋಡಬಹುದು ಎಂದುಕೊಂಡಿದ್ದೆ. ಸಾಹುಕಾರರು ಹೊರಗೆ ಹೋಗಿದ್ದಾರೆ ಎಂದು ನಿನ್ನ ಮುನೀಮ ಹೇಳಿದ. ಬಿಳಿ ಕಾರು ಬಾಗಿಲ ಮುಂದೆಯೇ ಇತ್ತು. ನಡೆದುಕೊಂಡು ಹೋಗಿರಬೇಕು, ಆರೋಗ್ಯಕ್ಕೆ ಒಳ್ಳೆಯದು.

ಅಲ್ಲಿಂದ ಸಾಣಾಪುರಕ್ಕೆ ಹೋದೆ. ಕೆರೆಯ ಆಚೆ ಸಿದ್ದಾರ್ಥ ಎಂಬುವನು ಒಂದು ಗುಡಿಸಲಿನಂಥ ಕೋಣೆಗೆ ಸ್ಟುಡಿಯೋ ಎಂದು ಹೆಸರಿಟ್ಟುಕೊಂಡು ಕೂತಿದ್ದಾನೆ. ಯಲಬುರ್ಗಾದ ನಮ್ಮ ಶಾಲೆಯಲ್ಲೇ ಕಲಿತವನು. ಒಂಬತ್ತನೇ ತರಗತಿಯಲ್ಲಿ ನಾನು ಧ್ವನಿಯ ಪಾಠ ಮಾಡುವಾಗ ಕಿಟಕಿಯಾಚೆ ನೋಡುತ್ತಿದ್ದ, ಈಗ ನನಗೇ ಧ್ವನಿಯ ಪಾಠ ಮಾಡಿದ. ನಿಮ್ಮ ಕೌದಿ ತೆಗೆಯಿರಿ, ಫೋಮು ಹಚ್ಚಿರಿ, ಮೂಡ್ ಲೈಟು ಹಾಕಿರಿ ಎಂದ. ಹಾಡಿಗೆ ಬೆಳಕು ಯಾಕಪ್ಪ ಎಂದು ಕೇಳಿದೆ. ಕೂದಲನ್ನು ಹಿಂದೆ ಸರಿಸಿದ. ಆಮೇಲೆ ಪ್ರವಾಸಿಯೊಬ್ಬ ಮಾರಿ ಹೋದ ಗಿಟಾರನ್ನು ಚೀಲದಿಂದ ತೆಗೆದು, "ನಿಮ್ಮದು ಪ್ಲೈವುಡ್ಡು ಸರ. ಇದು ಅಖಂಡ ಹಲಗಿ. ಕಿವಿ ಸುಳ್ಳು ಹೇಳಬಹುದು, ಮೈಕು ಹೇಳಂಗಿಲ್ಲ," ಎಂದ.

ಸಿದ್ದಾರ್ಥನನ್ನು ಎಷ್ಟು ಬೇಕಾದರೂ ಬಯ್ಯಬಲ್ಲೆ, ಆ ಗಿಟಾರನ್ನು ಬಯ್ಯಲಾರೆ. ತೊಡೆಯ ಮೇಲಿಟ್ಟು ದಪ್ಪ ತಂತಿ ಮೀಟಿದೆ. ನಾದ ಎದೆಯವರೆಗೂ ಬಂದು ನಿಂತಿತು, ನಾನು ಸಾಕೆನ್ನುವ ತನಕ ಹೋಗಲಿಲ್ಲ. ಆಸೆಯಾಯಿತು, ಗವಿಸಿದ್ದ. ಈ ವಯಸ್ಸಿನಲ್ಲಿ ಇಷ್ಟು ಆಸೆಯಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಇದರ ಮೇಲೆ ಬಡೇಸಾಬನ ಹಾಡು, ಅದರ ಮೇಲೆ ನಿನ್ನ ದನಿ ಎಂದು ಅಲ್ಲೇ ಕೂತು ಲೆಕ್ಕ ಹಾಕಿಬಿಟ್ಟೆ. ಭಾನುವಾರದ ತನಕ ಯಾರಿಗೂ ಕೊಡಬೇಡ ಎಂದು ಹೇಳಿ ಬಂದೆ.

ಮನೆಗೆ ಬಂದವನು, ಗ್ಯಾರೇಜಿನಿಂದ ಬಂದು ನಮ್ಮ ಮೂಲೆ ಸೇರಿದ್ದ ಹಳೆಯ ಗಿಟಾರನ್ನು ನೋಡಿ ಮುಖ ಸಿಂಡರಿಸಿದೆ. ಅದೂ ಹನುಮನಹಳ್ಳಿಗೆ ಬಂದಿದ್ದ ಒಬ್ಬ ವಿದೇಶಿ ಪ್ರವಾಸಿಯ ಕೈಯಿಂದಲೇ ಬಂದದ್ದು. ಬಡೇಸಾಬ ಅವನ ಮೋಟರ್ ಸೈಕಲ್ ರಿಪೇರಿ ಮಾಡಿದ್ದಕ್ಕೆ ಖುಷಿಯಾಗಿ ಕೊಟ್ಟು ಹೋದದ್ದು. ಆ ಆಯುಧ ಪೂಜೆ ನೆನಪಿದೆಯೇ? ಬಡೇಸಾಬ ಜಾಕು, ಪಾನಾ, ಪಂಪುಗಳನ್ನೆಲ್ಲ ಸಾಲಾಗಿ ಇಟ್ಟು ಶಾಂಪೂ ಹಾಕಿ ಉಜ್ಜಿ, ಸರ್ವಿಸಿಂಗಿನ ಪೈಪಿನಿಂದ ನೀರು ಹೊಡೆಯುತ್ತ ಗಿಟಾರಿಗೂ ಹೊಡೆದ. "ಇದೂ ದುಡಿತೈತಪಾ, ಇದನ್ನ ಬಿಡಬಾರದು" ಎಂದು ಬಿಸಿಲಿಗೆ ಒಣಗಲು ಇಟ್ಟ. ವಿಭೂತಿ ಹಚ್ಚಿದವನು ನಾನು, ಅದರ ಕೊರಳಿಗೆ ಲಿಂಬೆಹಣ್ಣು ಕಟ್ಟಿ ಕುಂಬಳಕಾಯಿ ಒಡೆದವನು ನೀನು. ಸಂಜೆಯ ಹೊತ್ತಿಗೆ ಗಿಟಾರಿನ ಹೊಟ್ಟೆ ಉಬ್ಬಿತ್ತು. ಅಂದಿನಿಂದ ಇಂದಿನವರೆಗೂ ದಪ್ಪ ತಂತಿ ಮೀಟಿದರೆ ಗುಂಯ್ ಎಂದು ಒಂದು ದುಂಬಿ ಒಳಗಿಂದ ಏಳುತ್ತದೆ. ನೀನೇ ಅಲ್ಲವೇ ಅದಕ್ಕೆ ನಾಲ್ಕನೇ ಗಾಯಕ ಎಂದು ಹೆಸರಿಟ್ಟವನು?

ನಿನ್ನೆ ಭಾಬಿ ಬಂದರು. ಹಾಡು ಏನಾಯಿತು ಎಂದು ಕೇಳಲಿಲ್ಲ, ಅನುಸೂಯಾಳ ಜೊತೆ ಚಹಾ ಕುಡಿಯುತ್ತ ಕೂತರು. ಹೊಸ ಗಿಟಾರು ಬರಲಿ, ಗವಿಸಿದ್ದೇಶ ಬಂದು ಹಾಡಲಿ, ಆಮೇಲೆ ಕೇಳಿಸುತ್ತೇನೆ ಎಂದು ನಾನು ಪೀಠಿಕೆ ಹಾಕುತ್ತಿದ್ದೆ. ಅನುಸೂಯಾ ನನ್ನ ಫೋನು ತೆಗೆದುಕೊಂಡು ಹಚ್ಚಿಯೇಬಿಟ್ಟಳು. ಮೊದಲ ಮೀಟಿಗೇ ಗುಂಯ್ ಎಂದಿತು. ಭಾಬಿ ಬಟ್ಟಲು ಕೆಳಗಿಟ್ಟರು.

"ಇದು ನಮ್ಮ ಗಿಟಾರಲ್ರಿ?" ಎಂದರು. "ತೊಳದಾಗಿಂದ ಹಿಂಗ ಅಂತೈತಿ. ಶಾಂಪೂ ಕೊಟ್ಟಾಕಿ ನೀನ ಅಂತ ಅವರು ಕಡೀತನಕ ತಪ್ಪು ನನ್ನ ಮ್ಯಾಲ ಹಾಕಿದ್ರು."

ನಕ್ಕರು. ನಗುತ್ತಲೇ ಸೆರಗು ಮುಖಕ್ಕೆ ಹೋಯಿತು. ಹಾಡು ಮುಗಿದ ಮೇಲೆ ಇನ್ನೊಮ್ಮೆ ಹಚ್ಚಿಸಿಕೊಂಡು, ಆ ಗುಂಯ್ ಬರುವ ಕಡೆಯಲ್ಲೆಲ್ಲ ತಲೆ ಆಡಿಸುತ್ತ ಕೇಳಿದರು. ಇದನ್ನೇ ಕೊಡಿ, ಬೇರೆ ಬೇಡ ಎಂದರು.

ಆದ್ದರಿಂದ ಇವತ್ತು ಬೆಳಿಗ್ಗೆ ಸಾಣಾಪುರಕ್ಕೆ ಫೋನು ಮಾಡಿ ಆ ಅಖಂಡ ಹಲಗೆಯನ್ನು ಬೇಕಾದವರಿಗೆ ಕೊಡು ಎಂದೆ. ಕೈಬಿಡುವಾಗ ಸಂಕಟವಾಯಿತು, ಸುಳ್ಳೇಕೆ. ನಿಮ್ಮ ಹಾಡು ಪ್ರೊಫೆಷನಲ್ ಆಗುವುದಿಲ್ಲ ಸರ್ ಎಂದು ಸಿದ್ದಾರ್ಥ ಶಾಪ ಕೊಟ್ಟ. ಅವನಿಂದ ಆ ಇಂಗ್ಲಿಷ್ ಪದದ ಕಾಗುಣಿತ ಬರೆಸಿದ್ದರೆ ಇವತ್ತಿಗೂ ತಪ್ಪುತ್ತಿದ್ದ. ಗಿಟಾರು ಕೊಳ್ಳುವುದಿಲ್ಲ, ಇದು ನನ್ನ ತೀರ್ಮಾನ. ನಿನ್ನ ಸಲಹೆಯನ್ನು ಪಾಲಿಸಲಿಲ್ಲವೆಂದು ಸಿಟ್ಟು ಮಾಡಬೇಡ.

ಶಾಂಭವಿ ವೈನಿಗೆ ನಮ್ಮಿಬ್ಬರ ಶರಣು ಹೇಳು. ನಮ್ಮ ಮಠದ ಗವಿಸಿದ್ದಪ್ಪಜ್ಜ ನಿನ್ನ ಗಿರಣಿಗೆ ಕರೆಂಟನ್ನೂ ನಿನಗೆ ಒಳ್ಳೆಯ ನಿದ್ದೆಯನ್ನೂ ಕೊಟ್ಟು ಕಾಪಾಡಲಿ.

ಇಂತಿ ನಿನ್ನ,
ವಿರೂಪಾಕ್ಷಪ್ಪ

ತಾ.ಕ.: ಕಾಗದ ಬರೆದ ಕಾರಣ ಹೇಳುವುದು ಉಳಿಯಿತು. ಅನುಸೂಯಾ ಅಂಗನವಾಡಿ ಮೇಲ್ವಿಚಾರಕಿ ಎನ್ನುವುದು ನಿನಗೆ ಗೊತ್ತೇ ಇದೆ. ದಿನಾ ತನ್ನ ಕಾರ್ಯಕರ್ತೆಯರಿಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾಳೆ, ಯಾರು ಕೇಳಿದರು, ಯಾರು ಕೇಳದೆಯೇ ಆಯ್ತು ಮೇಡಂ ಎಂದರು ಎಂಬುದು ಅವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಭಾಬಿ ಹೋದ ಮೇಲೆ ನನ್ನ ಫೋನನ್ನು ವಾಪಸು ಕೊಡುತ್ತ ಹೇಳಿದಳು. "ಕೇಳಿದ್ರ ಈ ಸಣ್ಣ ಮೈಕು ನೀಲಿ ಆಗತೈತ್ರಿ. ಗವಿಸಿದ್ದಣ್ಣಾರು ಇದನ್ನ ಕೇಳೇ ಇಲ್ಲ."

ನಿನಗೆ ಕಳಿಸಿದ ಹಳೆಯವನ್ನೆಲ್ಲ ಒಂದೊಂದಾಗಿ ನೋಡಿದೆ. ಯಾವುದೂ ನೀಲಿಯಾಗಿಲ್ಲ, ಎಲ್ಲದರ ಕೆಳಗೂ ನಿನ್ನ ಹೆಬ್ಬೆರಳಿದೆ. ಗಿಟಾರು ಸಪ್ಪಗಿದೆ ಎಂದು ಹೇಳಿದ ನೀನು ಆ ಗುಂಯ್ ಎನ್ನುವುದನ್ನು ಗುರುತೇ ಹಿಡಿಯಲಿಲ್ಲವಲ್ಲ, ಪಾಪ ಕಿವಿ ಮಂದವಾಯಿತೇನೋ ಎಂದು ನಾನು ಮರುಗಿದ್ದೆ. ಮಂದವಾಗಿದ್ದರೇ ಚೆನ್ನಾಗಿತ್ತು. ಬಡೇಸಾಬನ ಹಾಡು, ಗವಿಸಿದ್ದ. ನನ್ನದಾಗಿದ್ದರೆ ಬಿಡು. ಕಾಗದವನ್ನಾದರೆ ನೀನು ಒಡೆಯದಿದ್ದರೂ ವೈನಿ ಒಡೆದು ಓದಿ ಹೇಳುತ್ತಾರೆ, ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ.

ಇನ್ನೊಂದು. ಹಾಡು ಕೇಳುವಾಗ ಎರಡನೆಯ ನುಡಿಯ ಜಾಗದಲ್ಲಿ ಬರೀ ಗಿಟಾರು ಬಂದಾಗ ಭಾಬಿ, "ಇಲ್ಲಿ ಗವಿಸಿದ್ದಣ್ಣಾರು ಹಾಡ್ತಿದ್ರಲ್ರಿ?" ಎಂದು ಕೇಳಿದರು. ನಿನಗೆ ಗಂಟಲು ಕಟ್ಟಿದೆ, ದನಿಯೇ ಏಳುತ್ತಿಲ್ಲ ಎಂದು ಹೇಳಿದ್ದೇನೆ. ಫಾತೆಹಾದ ದಿನ ನೀನು ಬಂದೇ ಬರುತ್ತೀಯ, ನಾಲ್ಕು ಜನ ನೋಡುವ ಕಡೆ ನೀನು ತಪ್ಪಿಸಿಕೊಂಡವನಲ್ಲ. ಭಾಬಿಯ ಎದುರಿಗೆ ಬಂದಾಗ ಒಂದೆರಡು ಸಲ ಕೆಮ್ಮು.