ಹಿಟ್ಟಿನ ಡಬ್ಬದಲ್ಲಿ ವಾಲ್ವಿನ ಹಿಡಿ

ಮಾರ್ಚ್ ೧೪, ಗುರುವಾರ

ಹೊಲಕ್ಕೆ ನೀರು ಬಿಡುವ ವಾಲ್ವಿನ ಹಿಡಿಯನ್ನು ನಾನು ಬಿಚ್ಚಿ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟು ಮೂರು ದಿನ. ಕಳೆದ ಸಲ ನೀರು ಹೆಚ್ಚಾಗಿಯೇ ಟೊಮೆಟೊ ಬೇರು ಕೊಳೆತಿತ್ತು. ಈಗಿನಂಥ ಮೋಡದ ದಿನಗಳಲ್ಲಿ ಗಿಡ ಕುಡಿಯುವುದು ದಿನಕ್ಕೆ ಎರಡೇ ಮಿಲಿಮೀಟರ್ ನೀರು ಎನ್ನುತ್ತದೆ ಹವಾಮಾನ ಕೇಂದ್ರದ ಲೆಕ್ಕ. ಮಾವನಿಗೋ, ಅದನ್ನೆಷ್ಟು ಓದಿ ಹೇಳಿದರೂ, ದಿನಾ ನೀರು ಬಿಡದಿದ್ದರೆ ಊಟವೇ ಸೇರದು. "ಗಿಡ ಬಾಯಾರಿ ಸಾಯ್ತವೆ ಕಣಮ್ಮಾ!" ಎನ್ನುತ್ತ ಮನೆಯೆಲ್ಲ ಜಾಲಾಡಿದರು.

ಇವತ್ತು ಸಂಜೆ ಹಿಡಿ ಸಿಕ್ಕೇಬಿಟ್ಟಿತು. ಹಿಟ್ಟು ಮೆತ್ತಿದ ಕೈಯಲ್ಲೇ ಹೊಲಕ್ಕೆ ಓಡಿದರು, ಹಿಂದೆಯೇ ನಾನು. ಗಿಡದ ಬುಡ ಕೆದಕಿ, ಒಂದು ಹಿಡಿ ಮಣ್ಣು ತೆಗೆದು ಹಿಸುಕಿದರು. ಮೂರು ದಿನ ನೀರು ಬಿಡದಿದ್ದರೂ ಒದ್ದೆ ಮಣ್ಣು ಉಂಡೆ ಕಟ್ಟಿತು. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು!

ಬೈಗುಳಕ್ಕೆ ಕಾದು ನಿಂತಿದ್ದೆ. ವಾಲ್ವಿನ ಹಿಡಿಯನ್ನು ನನ್ನ ಕೈಗಿಟ್ಟು, ಎತ್ತಲೋ ನೋಡುತ್ತ ಕೇಳಿದರು: "ನಾಳೆ ಎಷ್ಟು ಕುಡೀತವಂತೆ?"