ಶಿಕಿಮಿ ಎಂಬ ಹೆಸರಿನ ವಿಚಾರಣೆ

ವಕಯಾಮಾ
ನವೆಂಬರ್ ೧೮

ಜೀವರಸಾಯನ ಸಾಮ್ರಾಜ್ಞಿ ಚಿಗುಸಾ ಅಕ್ಕನಿಗೆ,

ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಡುಮ್ಕಿ ಹೊಡೆದ ತಮ್ಮ, ಹಣೆ ಚಾಪೆಗೆ ತಾಗುವಷ್ಟು ಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಿನ್ನ ಶಿಕಿಮಿಕ್ ಆಮ್ಲದ ಹೆಸರಿನ ಮೂಲದ ಕುರಿತು ಈ ಮನೆಯಲ್ಲಿ ಉನ್ನತ ಮಟ್ಟದ ವಿಚಾರಣೆ ನಡೆಯಿತು. ನ್ಯಾಯಾಧೀಶರು, ಹಾಸಿಗೆ ಹಿಡಿದಿರುವ ಅಪ್ಪ. ವಕೀಲ ನಾನು. ಪ್ರೇಕ್ಷಕರು ಅಮ್ಮ ಮತ್ತು ಯಾರೂ ಮುಟ್ಟದ ಗಂಜಿ ಬಟ್ಟಲು.

ಅಜ್ಜಿಯ ತಿಥಿಯ ದಿನ ಇಡೀ ಊರು ಕೂತಿದ್ದಾಗ ತಿಥಿ ಮಾಡಿಸಲು ಬಂದ ಬೌದ್ಧ ದೇಗುಲದ ಗುರುಗಳು ನಿನ್ನ ಓದಿನ ಬಗ್ಗೆ ಕೇಳಿದ್ದರಲ್ಲ? ಶಿಕಿಮಿ ಮರದ ಕಾಯಲ್ಲಿ ಮೊದಲು ಸಿಕ್ಕಿದ್ದರಿಂದ ಆಮ್ಲಕ್ಕೆ ಆ ಹೆಸರು ಅಂದೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ? ಶಿಕಿಮಿ ಅಂದರೆ ಮೂಲದಲ್ಲಿ ‘ಕೆಟ್ಟ ಕಾಯಿ’ ಅಂತಲೂ ಸೇರಿಸಿದೆ. ಸತ್ತವರ ಮುಂದಿಡುವ ಆ ಮರದ ಕೊಂಬೆಗಳನ್ನು ಕಡಿದು ಮಾರಿಯೇ ನಿನ್ನನ್ನು ಓದಿಸಿದ ಅಪ್ಪ, “ಹಂಗಾದ್ರೆ ನೀನು ಕೆಟ್ಟದ್ದನ್ನೇ ತಿಂದು ಬೆಳೆದೋಳು. ಇನ್ನು ಈ ಹೊಸಿಲು ತುಳೀಬೇಡ” ಅಂದ. ನೀನೂ ಅವನ ಮಗಳೇ, ಹೋದವಳು ಸಪ್ಪೊರೊದ ಹಿಮ ಬಿಟ್ಟು ಇತ್ತ ತಲೆ ಹಾಕಲಿಲ್ಲ.

ಮೊನ್ನೆ ನಾನು ವಾದ ಮಂಡಿಸಿದೆ. ಆ ಹೆಸರು ‘ನಾಲ್ಕೂ ಋತುವಿನ ಚೆಲುವು’ ಅನ್ನೋದರಿಂದ ಬಂತಂತೆ, ಅಕ್ಕನೇ ತಪ್ಪು ಒಪ್ಪಿಕೊಂಡು ಬರೆದಿದ್ದಾಳೆ ಅಂದೆ. (ನೀನು ಬರೆದ ಆ ಪತ್ರ ಮಾತ್ರ ನನ್ನ ಕಲಾಕೃತಿ.) ಅಪ್ಪ ಗೊಣಗಿದ, “ಮಂಗ! ಆ ಕಾಯಿ ತಿಂದ್ರೆ ಸಾಯ್ತಾರೆ ಅಂತ ನಂಗೊತ್ತಿಲ್ವಾ? ಪ್ರಾಣಿಗಳು ಗೋರಿ ಕೆದಕದಿರ್ಲಿ ಅಂತಾನೇ ಸುತ್ತ ಅದನ್ನ ನೆಡೋದು. ಅವ್ಳು ಹೇಳಿದ್ದು ಸರೀನೇ. ಗುರುಗಳ ಮುಂದೆ ಹೇಳ್ಬಾರ್ದಿತ್ತು.”

ಹಾಗಾಗಿ ನೀನು ಗೆದ್ದೆ. ಗೆದ್ದವರಿಗೆ ಏನೂ ಸಿಗದ ಮೊಕದ್ದಮೆ ಇದು.

ಡಾಕ್ಟರು ಇನ್ನು ಮಾಡುವುದೇನಿಲ್ಲ ಅಂತ ಮನೆಗೆ ಕಳಿಸಿದ್ದಾರೆ. ಉಸಿರು ನಿಂತ ಮೇಲೆ ಅಪ್ಪನ ತುಟಿ ಒದ್ದೆ ಮಾಡಲು ಯಾವ ಶಿಕಿಮಿ ಕೊಂಬೆಯ ಎಲೆ ತರಬೇಕೆಂದು ಅಮ್ಮ ಆಗಲೇ ಗೊತ್ತು ಮಾಡಿದ್ದಾಳೆ. ಆ ನೀರು ಮುಟ್ಟಿಸಲು ತನ್ನ ನಂತರ ನಿನ್ನ ಸರದಿಯಂತೆ. ನಾನು ಎಲೆ ಹಿಡಿಯುತ್ತೇನೆ ಅಂದರೆ “ಹಿರಿಯೋಳಿದ್ದಾಳೆ, ಸುಮ್ನಿರೋ” ಅಂತ ಗದರುತ್ತಾಳೆ. ಅಪ್ಪ ನಿನ್ನನ್ನು ಕೇಳುತ್ತಿದ್ದಾನೆ. ಇವತ್ತೇ ಹೊರಡು.

ನಿನ್ನ ಹುಟ್ಟಾ ತಲೆನೋವು,
ಸೋಸುಕೆ

ತಾ.ಕ.: ಅಪ್ಪ ನಿನ್ನನ್ನು ಕೇಳಲಿಲ್ಲ ಅಕ್ಕ, ಅದು ನನ್ನ ಸುಳ್ಳು. ನಿನ್ನೆ ನಾನೇ ನಿನ್ನ ದನಿ ತೆಗೆದು ಅವನ ಕಿವಿಯ ಹತ್ತಿರ “ಅಪ್ಪಾ, ಚಿಗುಸಾ ಬಂದಿದೀನಿ” ಅಂದೆ. ಕಣ್ಣು ತೆರೆಯದೆ “ವಾಪಸ್ ಹೋಗು” ಅಂದ. ಆಮೇಲೆ ಅವನಿಗೆ ಮಾತು ಹೊರಟಿಲ್ಲ, ಇನ್ನು ಹೊರಡುವುದೂ ಇಲ್ಲವಂತೆ. ಅಂಗಳದಲ್ಲಿದ್ದ ಅಮ್ಮ ನಿನ್ನ ದನಿ ಕೇಳಿ ಚಪ್ಪಲಿ ಕಾಲಲ್ಲೇ ಚಾಪೆ ತುಳಿದು ಓಡಿಬಂದಳು. ಎಲ್ಲ ಕೋಣೆಯಲ್ಲೂ ನಿನ್ನನ್ನು ಹುಡುಕಿದಳು.